ಡೋಡೊ ಹಕ್ಕಿಯ ತೀರ್ಪು ಮತ್ತು ಮನಸ್ಸಿನ ಮದ್ದು

(ಉಪನ್ಯಾಸವೊಂದರ ಬರಹರೂಪ)

ಮನೋಚಿಕಿತ್ಸೆಯ ಕುರಿತ ಮಾತನ್ನು ಮಕ್ಕಳ ಕತೆಯೊಂದರಿಂದ ಆರಂಭಿಸಲು ಕಾರಣವಿದೆ. ಲೂಯಿಸ್ ಕ್ಯಾರಲ್ 1865ರಲ್ಲಿ ಪ್ರಕಟಿಸಿದ ಆಲಿಸಳ ಕತೆ ಕನ್ನಡದ ಹಿರಿಯ ಓದುಗರಿಗೆ ನಾ. ಕಸ್ತೂರಿಯವರ 'ಪಾತಾಳದಲ್ಲಿ ಪಾಪಚ್ಚಿ'ಯ ಮೂಲಕ ಪರಿಚಿತ. ಮೂಲ ಕತೆಯಲ್ಲಿ ವಿಚಿತ್ರವಾದ ಒಂದು ಓಟದ ಪಂದ್ಯ ಬರುತ್ತದೆ. ಕಣ್ಣೀರಿನ ಕೊಳದಲ್ಲಿ ಬಿದ್ದು ತೊಯ್ದು ತೊಪ್ಪೆಯಾದ ಪ್ರಾಣಿ ಪಕ್ಷಿಗಳು ಮೈ ಒಣಗಿಸಿಕೊಳ್ಳಲು ಓಡಬೇಕೆಂದು ಡೋಡೊ ಹಕ್ಕಿ ಸಲಹೆ ಕೊಡುತ್ತದೆ. ಓಟ ಆರಂಭವಾಗುವುದು ಎಲ್ಲಿಂದಲೋ, ಮುಗಿಯುವುದು ಎಲ್ಲೋ. ಮನಸ್ಸು ಬಂದಾಗ ಓಡಬಹುದು, ಬೇಡವಾದಾಗ ನಿಲ್ಲಬಹುದು. ಅರ್ಧ ಗಂಟೆಯಲ್ಲಿ ಎಲ್ಲರ ಮೈಯೂ ಒಣಗುತ್ತದೆ. ಗೆದ್ದವರು ಯಾರೆಂದು ಎಲ್ಲರೂ ಮುತ್ತಿಕೊಂಡು ಕೇಳಿದಾಗ ಡೋಡೊ ಬಹಳ ಹೊತ್ತು ಯೋಚಿಸಿ, ಸೋತವರೇ ಇಲ್ಲವೆಂದು ತೀರ್ಮಾನಿಸಿ, ಪ್ರತಿಯೊಬ್ಬರಿಗೂ ಬಹುಮಾನ ಕೊಡಿಸುತ್ತದೆ.

1936ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಸಾಲ್ ರೋಸೆನ್‌ಜ್ವೀಗ್ ಎಂಬ 29 ವರ್ಷದ ಮನಶ್ಶಾಸ್ತ್ರಜ್ಞರು ಕೆಲವೇ ಪುಟಗಳ ಒಂದು ಲೇಖನ ಬರೆದರು. ಅದರ ತಲೆಯ ಮೇಲೆ ಅವರು ಇಟ್ಟದ್ದು ಡೋಡೊ ಹಕ್ಕಿಯ ಈ ತೀರ್ಪನ್ನೇ. ಒಂದಕ್ಕೊಂದು ತೀರ ವಿರುದ್ಧವಾದ ಸಿದ್ಧಾಂತಗಳನ್ನು ನಂಬಿದ ಮನೋಚಿಕಿತ್ಸಕರೆಲ್ಲರೂ ತಮ್ಮ ರೋಗಿಗಳು ಗುಣವಾದರೆಂದು ಹೇಳುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ಹಾಗಿದ್ದ ಮೇಲೆ ಗುಣಪಡಿಸಿದ್ದು ಸಿದ್ಧಾಂತವೋ ಅಥವಾ ಸಿದ್ಧಾಂತಗಳು ಹೆಸರಿಸದೆ ಬಿಟ್ಟ ಇನ್ನಾವುದೋ? ಅವರ ಪ್ರಶ್ನೆ ಇಷ್ಟೇ. ಉತ್ತರದ ಹುಡುಕಾಟ ಸುಮಾರು 90 ವರ್ಷಗಳಿಂದ ನಡೆದಿದೆ.

ಆ ಕಾಲದ ಜಗಳಗಳನ್ನು ನೆನೆದರೆ ಪ್ರಶ್ನೆಯ ಧೈರ್ಯ ತಿಳಿಯುತ್ತದೆ. 'ಮಾತಿನ ಚಿಕಿತ್ಸೆ' ಎಂಬ ಹೆಸರನ್ನು ಕೊಟ್ಟದ್ದು ವೈದ್ಯರಲ್ಲ, ವಿಯೆನ್ನಾದ ಒಬ್ಬ ರೋಗಿ. 1880ರಿಂದ 1882ರವರೆಗೆ ಯೋಸೆಫ್ ಬ್ರಾಯರ್ ಎಂಬ ವೈದ್ಯರ ಬಳಿ ಚಿಕಿತ್ಸೆ ಪಡೆದ ಆಕೆಯ ವೃತ್ತಾಂತವನ್ನು ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಪುಸ್ತಕವಾಗಿ ತಂದರು. ಮುಂದೆ ಫ್ರಾಯ್ಡ್ ಅದನ್ನು ಮನೋವಿಶ್ಲೇಷಣೆಯೆಂಬ ಶಾಸ್ತ್ರವಾಗಿ ಬೆಳೆಸಿದರು. 1911ರಲ್ಲಿ ಆಡ್ಲರ್, 1913ರಲ್ಲಿ ಯೂಂಗ್ ಅವರಿಂದ ಬೇರೆಯಾಗಿ ತಂತಮ್ಮ ಮಠ ಕಟ್ಟಿಕೊಂಡರು. 1950ರ ದಶಕದಲ್ಲಿ ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ ಬಂದು, ಒಳಮನಸ್ಸು, ಬಾಲ್ಯ, ಕನಸು ಯಾವುದೂ ಬೇಡ, ಕಲಿತ ಹೆದರಿಕೆಯನ್ನು ಮೆಟ್ಟಲು ಮೆಟ್ಟಲಾಗಿ ಮರೆಸಬಹುದು ಎಂದರು. ಅದು ವರ್ತನಾ ಚಿಕಿತ್ಸೆ. ಫಿಲಡೆಲ್ಫಿಯಾದ ಏರನ್ ಬೆಕ್ ಮನೋವಿಶ್ಲೇಷಣೆಯಲ್ಲೇ ತರಬೇತಾದವರು. ಅವರು ಅದನ್ನು ಬಿಟ್ಟು, ದುಃಖದ ಬೇರು ತಪ್ಪು ಯೋಚನೆಯಲ್ಲಿದೆ ಎಂದು ಅರಿವಿನ ಚಿಕಿತ್ಸೆಯನ್ನು ರೂಪಿಸಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ. 1980ರ ಒಂದು ಕೈಪಿಡಿ 250ಕ್ಕೂ ಹೆಚ್ಚು ಬಗೆಯ ಮನೋಚಿಕಿತ್ಸೆಗಳನ್ನು ಅಕಾರಾದಿಯಾಗಿ ಪಟ್ಟಿ ಮಾಡಿತು. ಕನ್ನಡಿಗರಿಗೂ ಮನಸ್ಸಿನ ಕಾಯಿಲೆಗಳ ವಿಚಾರ ಹೊಸದಲ್ಲ. 'ಕೊರವಂಜಿ'ಯ ಸಂಪಾದಕರಾಗಿ ನಾಡನ್ನು ನಗಿಸಿದ ವೈದ್ಯ ಎಂ. ಶಿವರಾಂ, ಅಂದರೆ 'ರಾಶಿ', ಈ ವಿಷಯದ ಮೇಲೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು.

ವ್ಯತ್ಯಾಸ ಎಷ್ಟು, ಹೋಲಿಕೆ ಎಷ್ಟು ಎಂದು ತಿಳಿಯಲು ಒಬ್ಬ ಗುಮಾಸ್ತನನ್ನು ಊಹಿಸಿಕೊಳ್ಳಬಹುದು. ಆರು ತಿಂಗಳಿಂದ ಅವನಿಗೆ ನಿದ್ದೆಯಿಲ್ಲ. ಮೇಲಧಿಕಾರಿ ಕರೆದರೆ ಎದೆ ಡವಗುಟ್ಟುತ್ತದೆ. ರಜೆ ಹಾಕಿ ಮನೆಯಲ್ಲಿ ಕುಳಿತುಬಿಡುತ್ತಾನೆ. ಕುಳಿತದ್ದಕ್ಕೆ ತನ್ನನ್ನೇ ಹಳಿದುಕೊಳ್ಳುತ್ತಾನೆ. ಫ್ರಾಯ್ಡನ ಅನುಯಾಯಿಯ ಬಳಿ ಹೋದರೆ ಅವರು ತಂದೆಯ ಬಗ್ಗೆ ಕೇಳುತ್ತಾರೆ. ಇಂದಿನ ಅಧಿಕಾರಿಯ ಮುಖದ ಹಿಂದೆ ಅಂದಿನ ಅಪ್ಪನ ಮುಖವಿದೆಯೆಂದು ನಿಧಾನವಾಗಿ ಕಾಣಿಸುತ್ತಾರೆ. ವೋಲ್ಪೆಯ ಶಿಷ್ಯರು ಮೈ ಸಡಿಲಿಸುವುದನ್ನು ಕಲಿಸಿ, ಕಚೇರಿಯ ಗೇಟು, ಮೆಟ್ಟಲು, ಅಧಿಕಾರಿಯ ಕೋಣೆಯ ಬಾಗಿಲು ಎಂದು ಭಯದ ಏಣಿ ಮಾಡಿ ಒಂದೊಂದೇ ಹಂತ ಹತ್ತಿಸುತ್ತಾರೆ. ಬೆಕ್ ಅವರ ದಾರಿಯವರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಸಿ, ಒಂದು ಕಡೆ 'ನಾನು ಯಾವುದಕ್ಕೂ ಬಾರದವನು' ಎಂಬ ಯೋಚನೆಯನ್ನೂ ಎದುರಿಗೆ ಅದಕ್ಕಿರುವ ಸಾಕ್ಷ್ಯವನ್ನೂ ಬರೆಸುತ್ತಾರೆ.

ಮೂವರ ವಿವರಣೆಗೂ ಪರಸ್ಪರ ಸಂಬಂಧವಿಲ್ಲ. ಆದರೆ ಮೂರು ಕೋಣೆಗಳ ಬಾಗಿಲಲ್ಲಿ ನಿಂತು ನೋಡಿದವನಿಗೆ ಕಾಣುವುದೇ ಬೇರೆ. ಮೂರು ಕಡೆಯಲ್ಲೂ ವಾರದಲ್ಲಿ ಇಂಥ ದಿನ ಇಂಥ ಹೊತ್ತು ಎಂದು ಗೊತ್ತುಪಡಿಸಿದೆ. ಬಾಗಿಲು ಮುಚ್ಚಿದೆ, ಆಡಿದ ಮಾತು ಹೊರಗೆ ಹೋಗದೆಂಬ ಭರವಸೆ ಇದೆ. 'ಮನಸ್ಸು ಗಟ್ಟಿ ಮಾಡಿಕೋ' ಎಂದು ಗದರದೆ, 'ನನಗೂ ಹಾಗೇ ಆಗಿತ್ತು' ಎಂದು ತನ್ನ ಕತೆ ತೆಗೆಯದೆ, ಪೂರ್ತಿ ಒಂದು ಗಂಟೆ ಕಿವಿಗೊಡುವ ಒಬ್ಬ ಮನುಷ್ಯ ಎದುರಿಗಿದ್ದಾನೆ. ಬಹುಶಃ ಗುಮಾಸ್ತನಿಗೆ ಹುಟ್ಟಿದ ಮೇಲೆ ಇದೇ ಮೊದಲ ಸಲ ಇಂಥ ಗಂಟೆ ಸಿಕ್ಕಿರುವುದು. ಹೆಸರಿಲ್ಲದ ಸಂಕಟಕ್ಕೆ ಒಂದು ಹೆಸರು, ಒಂದು ಕಾರಣ ದೊರೆತಿದೆ. ಮಾಡಲು ಏನೋ ಕೆಲಸವೂ ಸಿಕ್ಕಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಎದುರಿಗಿರುವವರು ಇದು ಗುಣವಾಗುತ್ತದೆಂದು ನಂಬಿದ್ದಾರೆ, ಆ ನಂಬಿಕೆ ಅವನಿಗೂ ಅಂಟತೊಡಗಿದೆ.

ರೋಸೆನ್‌ಜ್ವೀಗ್ ಇದಕ್ಕೆ ಇನ್ನೊಂದು ಸೂಕ್ಷ್ಮ ಸೇರಿಸಿದ್ದರು. ಮನುಷ್ಯನ ವ್ಯಕ್ತಿತ್ವ ಹೆಣೆದ ಬಲೆಯಂಥದು. ಯಾವ ಮೂಲೆಯನ್ನು ಹಿಡಿದೆಳೆದರೂ ಇಡೀ ಬಲೆ ಅಲುಗುತ್ತದೆ. ಆದ್ದರಿಂದ ವಿವರಣೆ ಪೂರ್ಣ ಸತ್ಯವಾಗಿರಲೇಬೇಕೆಂದಿಲ್ಲ. ಅದು ಒಂದಕ್ಕೊಂದು ಹೊಂದಿಕೊಂಡಿದ್ದರೆ, ಚದುರಿದ ಮನಸ್ಸನ್ನು ಅದರ ಸುತ್ತ ಮತ್ತೆ ಜೋಡಿಸಿಕೊಳ್ಳಲು ರೋಗಿಗೆ ಸಾಕಾಗಬಹುದು. ಸಿದ್ಧಾಂತವನ್ನೇ ಪ್ರಾಣವೆಂದುಕೊಂಡವರಿಗೆ ಈ ಮಾತು ರುಚಿಸುವಂಥದಲ್ಲ.

ಅಷ್ಟರಲ್ಲಿ ಇನ್ನೂ ದೊಡ್ಡ ಆಕ್ಷೇಪ ಬಂತು. 1952ರಲ್ಲಿ ಲಂಡನ್ನಿನ ಹಾನ್ಸ್ ಐಸೆಂಕ್, 7,000ಕ್ಕೂ ಹೆಚ್ಚು ರೋಗಿಗಳ ವಿವರವಿದ್ದ 24 ವರದಿಗಳನ್ನು ಒಟ್ಟುಮಾಡಿ, ಮನೋಚಿಕಿತ್ಸೆ ಪಡೆಯದಿದ್ದರೂ ಇಂಥ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಎರಡು ವರ್ಷದೊಳಗೆ ತಾವಾಗಿ ಸುಧಾರಿಸುತ್ತಾರೆ ಎಂದರು. ಅಂದರೆ ಎಲ್ಲರೂ ಗೆದ್ದದ್ದಲ್ಲ, ಯಾರೂ ಓಡಲೇ ಇಲ್ಲ ಎಂದಂತಾಯಿತು! ಐಸೆಂಕ್ ಹೋಲಿಸಿದ ಗುಂಪುಗಳು ಹೋಲಿಸಲು ಯೋಗ್ಯವೇ ಅಲ್ಲವೆಂದು ಅನೇಕರು ತೋರಿಸಿದರು; ಆದರೂ ಅವರ ಚುಚ್ಚುಮಾತು ಒಳ್ಳೆಯದನ್ನೇ ಮಾಡಿತು. ನಂಬಿಕೆಯ ಜಾಗಕ್ಕೆ ಲೆಕ್ಕ ಬಂತು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಚಿಕಿತ್ಸೆ ಪಡೆದ ಸಾಮಾನ್ಯ ರೋಗಿ, ಪಡೆಯದವರಲ್ಲಿ 100ಕ್ಕೆ 75 ಜನರಿಗಿಂತ ಮೇಲಾದ ಸ್ಥಿತಿಯಲ್ಲಿದ್ದದ್ದು ಕಂಡಿತು. ಐಸೆಂಕ್ ಹೇಳಿದ್ದು ಸರಿಯಲ್ಲ. ಆದರೆ ಪಂಥ ಪಂಥಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೂ ಸಿಗಲಿಲ್ಲ.

ಈ ಅಂಕಿಗಳಿಗಿಂತ ಹೆಚ್ಚು ರಸವತ್ತಾದ ಪ್ರಯೋಗ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು. 1975ರಲ್ಲಿ ಪ್ರಕಟವಾದ ಅದರಲ್ಲಿ ಸುಮಾರು 90 ರೋಗಿಗಳನ್ನು ಮೂರು ಗುಂಪು ಮಾಡಲಾಗಿತ್ತು. ಒಂದಕ್ಕೆ ಮನೋವಿಶ್ಲೇಷಣೆಯ ಮಾರ್ಗದ ಚಿಕಿತ್ಸೆ, ಒಂದಕ್ಕೆ ವರ್ತನಾ ಚಿಕಿತ್ಸೆ. ಮೂರನೆಯದನ್ನು ಕಾಯುವವರ ಪಟ್ಟಿಯಲ್ಲಿ ಇರಿಸಿದರು. ವರ್ತನಾ ಚಿಕಿತ್ಸೆ ಕೊಟ್ಟವರಲ್ಲಿ ಸಾಕ್ಷಾತ್ ವೋಲ್ಪೆಯವರೇ ಒಬ್ಬರು. ನಾಲ್ಕು ತಿಂಗಳ ಬಳಿಕ ಚಿಕಿತ್ಸೆ ಪಡೆದ ಎರಡೂ ಗುಂಪುಗಳು ಕಾದವರಿಗಿಂತ ಮುಂದಿದ್ದವು. ಧ್ವನಿಮುದ್ರಿಕೆಗಳನ್ನು ಕೇಳಿದವರಿಗೆ ಒಂದು ಬೆರಗು ಕಾದಿತ್ತು: ಯಾಂತ್ರಿಕರೆಂದು ಬೈಸಿಕೊಳ್ಳುತ್ತಿದ್ದ ವರ್ತನಾ ಚಿಕಿತ್ಸಕರು ರೋಗಿಯ ಸಂಕಟವನ್ನು ಅರಿತು ಸ್ಪಂದಿಸುವುದರಲ್ಲಿ ಎದುರಾಳಿಗಳಿಗಿಂತ ಒಂದು ಕೈ ಮೇಲೇ ಇದ್ದರು. ಗುಣವಾದವರನ್ನು ಆಮೇಲೆ, ನಿಮಗೆ ನೆರವಾದದ್ದು ಏನು ಎಂದು ಕೇಳಿದಾಗ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು. ಚಿಕಿತ್ಸಕರ ವ್ಯಕ್ತಿತ್ವ, ಅರ್ಥಮಾಡಿಕೊಳ್ಳುವ ಒಬ್ಬರೊಡನೆ ಮಾತಾಡಲು ಸಿಕ್ಕ ಅವಕಾಶ, ಹೆದರಿಸುತ್ತಿದ್ದುದನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಲು ಸಿಕ್ಕ ಧೈರ್ಯ ಮೊದಲಾದವೇ ಅವರ ಪಟ್ಟಿಯ ಮೇಲಿದ್ದವು.

ನಾಲ್ಕು ವರ್ಷದ ನಂತರ, 1979ರಲ್ಲಿ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಹಾನ್ಸ್ ಸ್ಟ್ರಪ್ ಮತ್ತು ಸುಜಾನ್ ಹ್ಯಾಡ್ಲಿ ಇನ್ನೂ ಮುಂದೆ ಹೋದರು. ಮಂಕು ಕವಿದ, ಸಂಕೋಚದಿಂದ ಮುದುಡಿದ ವಿದ್ಯಾರ್ಥಿಗಳಲ್ಲಿ ಕೆಲವರನ್ನು ನುರಿತ ಮನೋಚಿಕಿತ್ಸಕರ ಬಳಿಗೂ ಇನ್ನು ಕೆಲವರನ್ನು ಮನಶ್ಶಾಸ್ತ್ರದ ಗಂಧವಿಲ್ಲದ, ಆದರೆ ವಿದ್ಯಾರ್ಥಿಗಳೊಡನೆ ಆತ್ಮೀಯವಾಗಿ ಬೆರೆಯುವರೆಂದು ಹೆಸರಾದ ಕಾಲೇಜು ಅಧ್ಯಾಪಕರ ಬಳಿಗೂ ಕಳಿಸಿದರು. ಸರಾಸರಿಯಲ್ಲಿ ಇಬ್ಬರ ಫಲವೂ ಒಂದೇ. ವೃತ್ತಿಯವರಿಗೆ ಇದು ಮುಖಭಂಗವೇ ಸರಿ. ಆದರೆ ಅಲ್ಲಿದ್ದ ತೊಂದರೆಗಳು ಸೌಮ್ಯವಾದವು, ಸಂಖ್ಯೆಯೂ ಚಿಕ್ಕದು ಎಂಬುದನ್ನು ಮರೆತು ಯಾರು ಬೇಕಾದರೂ ಚಿಕಿತ್ಸಕರಾಗಬಹುದೆಂದು ಕುಣಿದವರದೂ ಅತಿಯೇ.

ಈ ಎಳೆಗಳನ್ನು ಕೂಡಿಸಿ ಒಂದು ಚಿತ್ರ ಕೊಟ್ಟವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮನೋವೈದ್ಯ ಜೆರೋಮ್ ಫ್ರ್ಯಾಂಕ್. 1961ರಲ್ಲಿ ಬಂದ ಅವರ ಪುಸ್ತಕ ಮನೋಚಿಕಿತ್ಸಕರ ಪಕ್ಕದಲ್ಲೇ ಬುಡಕಟ್ಟುಗಳ ಮಂತ್ರವಾದಿಯನ್ನೂ ಧಾರ್ಮಿಕ ಜಾಗರಣ ಸಭೆಗಳನ್ನೂ ಕೂರಿಸಿ ನೋಡಿತು. ರೋಗದ ಹೆಸರು ಏನೇ ಇರಲಿ, ಚಿಕಿತ್ಸೆ ಬೇಡಿ ಬರುವವರೆಲ್ಲ ಧೃತಿಗೆಟ್ಟವರು, ತಮ್ಮ ಕೈಲಿ ಇನ್ನೇನೂ ಆಗದೆಂದು ಕೈಚೆಲ್ಲಿದವರು ಎಂದು ಅವರು ಗುರುತಿಸಿದರು. ಅವರನ್ನು ಮೇಲೆತ್ತುವ ನಾಲ್ಕು ಸಂಗತಿಗಳು ಎಲ್ಲ ಕಡೆಯೂ ಇವೆ: ನೆಚ್ಚಿಕೊಳ್ಳಬಹುದಾದ ಒಬ್ಬ ವ್ಯಕ್ತಿ, ಗುಣವಾಗುವ ಜಾಗವೆಂದು ಸಮಾಜ ಒಪ್ಪಿದ ಒಂದು ನೆಲೆ, ಸಂಕಟಕ್ಕೆ ಒಂದು ವಿವರಣೆ, ಆ ವಿವರಣೆಗೆ ತಕ್ಕಂತೆ ಇಬ್ಬರೂ ಕೂಡಿ ಮಾಡುವ ಒಂದು ಆಚರಣೆ. ವಿವರಣೆಯನ್ನು ಅವರು ಪುರಾಣವೆಂದೇ ಕರೆದರು. ಅದು ತಮಾಷೆಯಲ್ಲ. ಪುರಾಣವಿಲ್ಲದೆ ಪೂಜೆ ನಡೆಯದಂತೆ, ಯಾವುದಾದರೊಂದು ಸಿದ್ಧಾಂತವನ್ನು ಮನಸಾರೆ ನಂಬದ ಚಿಕಿತ್ಸಕ ರೋಗಿಯಲ್ಲಿ ಭರವಸೆ ಹುಟ್ಟಿಸಲಾರ.

ಹಾಗಾದರೆ ಯಾವ ಪುರಾಣ? ಕೇಳುವವನ ಮನೆಮಾತಿಗೆ ಒಗ್ಗುವ ಪುರಾಣ. ಪಂಜಾಬಿ ಕವಿಯೂ ಆಗಿದ್ದ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ ಇದನ್ನೇ ಎತ್ತಿದರು. ಪಶ್ಚಿಮದ ಚಿಕಿತ್ಸಕ ದೂರ ಕಾಯ್ದುಕೊಂಡು, ರೋಗಿ ತನ್ನ ಕಾಲ ಮೇಲೆ ತಾನು ನಿಲ್ಲಲೆಂದು ಕಾಯುತ್ತಾನೆ. ಭಾರತದ ರೋಗಿ ಎದುರಿಗಿರುವವರಲ್ಲಿ ಗುರುವನ್ನು ಹುಡುಕುತ್ತಾನೆ. ದಾರಿ ತೋರಿಸಿ ಎನ್ನುತ್ತಾನೆ. ಆ ಅವಲಂಬನೆಯನ್ನು ರೋಗವೆಂದು ನೋಡದೆ, ಗುರುಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಬಳಸಬಾರದೇಕೆ ಎಂಬುದು ನೇಕಿಯವರ ಪ್ರಶ್ನೆ.

ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಂ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ತೀವ್ರ ಮಾನಸಿಕ ಕಾಯಿಲೆಯವರು ಬಂದು ತಂಗುವ ತಮಿಳುನಾಡಿನ ಒಂದು ಗುಡಿಯಲ್ಲಿ ಅವರು 31 ಜನರನ್ನು ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ಪರೀಕ್ಷಿಸಿದರು. ಹೆಚ್ಚಿನವರಿಗೆ ಇದ್ದದ್ದು ಸ್ಕಿಜೋಫ್ರೀನಿಯಾ. ಔಷಧವಿಲ್ಲ. ಮಂತ್ರ ತಂತ್ರ, ದೆವ್ವ ಬಿಡಿಸುವುದು ಯಾವುದೂ ಇಲ್ಲ. ಜೊತೆಗೆ ಮನೆಯವರೊಬ್ಬರು ಇರುತ್ತಾರೆ. ಬೆಳಗಿನ ಪೂಜೆ, ಗುಡಿಸುವುದು, ಗಿಡಕ್ಕೆ ನೀರು ಹಾಕುವುದು ಇಷ್ಟೇ ದಿನಚರಿ. ಸರಾಸರಿ ಆರು ವಾರಗಳಲ್ಲಿ ರೋಗಲಕ್ಷಣಗಳ ಅಳತೆ ಶೇಕಡ 20ರಷ್ಟು ಇಳಿದಿತ್ತು. ಹೋಲಿಸಿ ನೋಡಲು ಬೇರೊಂದು ಗುಂಪು ಇರಲಿಲ್ಲವಾದ್ದರಿಂದ ಇಳಿತಕ್ಕೆ ಗುಡಿಯೇ ಕಾರಣವೆಂದು ಹೇಳಲು ಬಾರದು. ಫ್ರ್ಯಾಂಕ್ ಹೇಳಿದ ನೆಲೆ, ನಂಬಿಕೆ, ಆಚರಣೆ, ಆಸರೆಯ ಜೀವ ಎಲ್ಲವೂ ಅಲ್ಲಿದ್ದವು ಎಂಬುದಂತೂ ನಿಜ.

ಅದೇ ತಮಿಳುನಾಡಿನ ಏರ್ವಾಡಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಅನ್ಯಾಯ. 2001ರ ಆಗಸ್ಟ್ 6ರಂದು, ದರ್ಗಾದ ಆಸರೆಯಲ್ಲಿ ಗುಣ ಕಾಣಲೆಂದು ಕರೆತಂದು ಖಾಸಗಿ ಚಪ್ಪರದಡಿ ಸರಪಳಿ ಬಿಗಿದಿಟ್ಟಿದ್ದ ಮಾನಸಿಕ ರೋಗಿಗಳಲ್ಲಿ 28 ಜನ ಬೆಂಕಿಗೆ ಸಿಕ್ಕಿ ಸತ್ತರು. ಅಲ್ಲಿಯೂ ನೆಲೆಯಿತ್ತು, ನಂಬಿಕೆಯಿತ್ತು. ಓಡಿಹೋಗಲು ಬಿಡುವ ಮನುಷ್ಯರು ಇರಲಿಲ್ಲ. ಸರಪಳಿ ಹಾಕುವುದನ್ನು ಕಾನೂನು ಸ್ಪಷ್ಟವಾಗಿ ನಿಷೇಧಿಸಿದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ.

ಅಪಾಯ ಗುಡಿ ದರ್ಗಾಗಳಲ್ಲಿ ಮಾತ್ರವಿದೆಯೆಂದೂ ತಿಳಿಯಬಾರದು. 1980 ಮತ್ತು 90ರ ದಶಕಗಳಲ್ಲಿ ಅಮೆರಿಕದ ಕೆಲವು ಚಿಕಿತ್ಸಕರು, ರೋಗಿಗಳ ಎಲ್ಲ ನೋವಿಗೂ ಬಾಲ್ಯದಲ್ಲಿ ಮನೆಯವರಿಂದಲೇ ನಡೆದು ಮರೆತುಹೋದ ಅತ್ಯಾಚಾರ ಕಾರಣವೆಂದು ನಂಬಿ, ನಡೆಯದಿದ್ದ ಘಟನೆಗಳ 'ನೆನಪು'ಗಳನ್ನು ರೋಗಿಗಳ ಮನಸ್ಸಿನಲ್ಲಿ ಬಿತ್ತಿದರು. ಸಂಸಾರಗಳು ಒಡೆದವು, ಪ್ರಕರಣಗಳು ನ್ಯಾಯಾಲಯ ಮುಟ್ಟಿದವು. ಅಲ್ಲಿಯೂ ಆತ್ಮೀಯ ಸಂಬಂಧ, ಮುಚ್ಚಿದ ಬಾಗಿಲು, ಒಪ್ಪುವಂಥ ವಿವರಣೆ, ಆಚರಣೆ ಒಂದಕ್ಕೂ ಕೊರತೆಯಿರಲಿಲ್ಲ. ಎಲ್ಲ ಚಿಕಿತ್ಸೆಗಳಲ್ಲಿ ಸಮಾನವಾಗಿರುವುದು ಒಂದು ಶಕ್ತಿ. ಅದು ಚೂರಿಯ ಹಾಗೆ, ಹಿಡಿದವರ ಕೈಗೆ ತಕ್ಕಂತೆ.

ಡೋಡೊ ಹಕ್ಕಿಯ ತೀರ್ಪಿಗೆ ಇನ್ನೂ ಕೆಲವು ತಿದ್ದುಪಡಿ ಬೇಕು. ಒಂದು ನಿರ್ದಿಷ್ಟ ವಸ್ತುವಿನ ಭಯವಿದ್ದವರಿಗೆ, ಮತ್ತೆ ಮತ್ತೆ ಕೈ ತೊಳೆಯುವ ಗೀಳಿನವರಿಗೆ, ಭಯದ ಎದುರಿಗೇ ಹಂತಹಂತವಾಗಿ ನಿಲ್ಲಿಸುವ ವಿಧಾನ ಬರಿಯ ಮಾತಿಗಿಂತ ಹೆಚ್ಚು ಫಲ ಕೊಡುತ್ತದೆ. ಖಿನ್ನತೆಯ ಚಿಕಿತ್ಸೆಗಳನ್ನು ಹೋಲಿಸಿದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, 1989ರಲ್ಲಿ ಬಂದ ಫಲಿತಾಂಶದ ಪ್ರಕಾರ, ಕಾಯಿಲೆ ತೀವ್ರವಾಗಿದ್ದವರಿಗೆ ಔಷಧದ ನೆರವು ಎದ್ದು ಕಂಡಿತು. ಸ್ಕಿಜೋಫ್ರೀನಿಯಾದವರಿಗೆ ಔಷಧ ಬಿಡಿಸಿ ಮಾತಿನಿಂದಲೇ ವಾಸಿಮಾಡುತ್ತೇವೆನ್ನುವವರನ್ನು ನಂಬಬಾರದು. ಆದರೆ ಅದೇ ಖಿನ್ನತೆಯ ಅಧ್ಯಯನದ ಅಂಕಿಗಳನ್ನು 1996ರಲ್ಲಿ ಮತ್ತೆ ಜಾಲಾಡಿದಾಗ ಒಂದು ಅಂಶ ಹೊರಬಿತ್ತು. ಎರಡು ಬಗೆಯ ಮಾತಿನ ಚಿಕಿತ್ಸೆ, ಔಷಧ, ಔಷಧವೇ ಇಲ್ಲದ ಪೊಳ್ಳು ಗುಳಿಗೆ, ಈ ನಾಲ್ಕು ಗುಂಪುಗಳಲ್ಲಿಯೂ ರೋಗಿ ಮತ್ತು ಚಿಕಿತ್ಸಕರ ನಡುವೆ ಹೊಂದಾಣಿಕೆ ಕುದುರಿದ ಕಡೆ ಗುಣ ಹೆಚ್ಚಾಗಿತ್ತು. ಗುಳಿಗೆ ಕೊಡುವ ಕೈಗೂ ಲೆಕ್ಕವಿದೆಯೆಂದಾಯಿತು.

ಇದೆಲ್ಲ ಪಂಡಿತರ ಚರ್ಚೆಯಾಗಿ ಉಳಿಯದಿರುವುದಕ್ಕೆ ಕಾರಣ ಒಂದು ಲೆಕ್ಕ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 100ಕ್ಕೆ 10ಕ್ಕೂ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಚಿಕಿತ್ಸೆ ದೊರೆಯದವರ ಪ್ರಮಾಣ, ಕಾಯಿಲೆಯಿಂದ ಕಾಯಿಲೆಗೆ ಬೇರೆಯಾದರೂ, 100ಕ್ಕೆ 70ರಿಂದ 92. ಇಷ್ಟು ಜನರಿಗೆ ಸಾಕಾಗುವಷ್ಟು ಮನೋವೈದ್ಯರು ಮುಂದಿನ ತಲೆಮಾರಿನಲ್ಲೂ ತಯಾರಾಗಲಾರರು. ಚಿಕಿತ್ಸೆಯ ತಿರುಳು ಕಬ್ಬಿಣದ ಕಡಲೆಯಾದ ಸಿದ್ಧಾಂತದಲ್ಲಿದ್ದರೆ ಕೈಚೆಲ್ಲಬೇಕಾದೀತು. ತಿರುಳು ಸಂಬಂಧದಲ್ಲಿ ಮತ್ತು ಸರಳವಾದ ಒಂದು ಕ್ರಮದಲ್ಲಿದ್ದರೆ ಅದನ್ನು ಕಲಿಸಬಹುದು. ಬೆಂಗಳೂರಿನಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಅವರು ಗೃಹಿಣಿಯರು, ನಿವೃತ್ತರು, ಅಧ್ಯಾಪಕರಂಥ ಸಾಮಾನ್ಯರಿಗೆ ಆಪ್ತಸಲಹೆಯ ತರಬೇತಿ ಕೊಡುತ್ತ ಬಂದದ್ದರ ಹಿಂದೆ ಇರುವುದೂ ಇದೇ ನಂಬಿಕೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಅದನ್ನು ಒರೆಗೆ ಹಚ್ಚಿದರು. ವೃತ್ತಿ ತರಬೇತಿಯಿಲ್ಲದ ಸ್ಥಳೀಯರಿಗೆ ಕಲಿಸಿ, ಖಿನ್ನತೆಯವರೊಡನೆ ಆರರಿಂದ ಎಂಟು ಸಲ ಕುಳಿತು ಮಾತಾಡಿಸಿ, ಬಿಟ್ಟುಹೋದ ದಿನನಿತ್ಯದ ಕೆಲಸಗಳನ್ನು ಮತ್ತೆ ಹಿಡಿಯುವಂತೆ ಮಾಡಿಸಿದರು. 2017ರಲ್ಲಿ ಬಂದ ಫಲಿತಾಂಶದಂತೆ ಮೂರು ತಿಂಗಳಲ್ಲಿ ಚೇತರಿಸಿಕೊಂಡವರು 100ಕ್ಕೆ 64; ಕೇಂದ್ರದ ಮಾಮೂಲು ಆರೈಕೆ ಮಾತ್ರ ಪಡೆದವರಲ್ಲಿ 39.

ಅತ್ತ ಆಫ್ರಿಕದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ ಹರಾರೆ ನಗರದ ಎಂಬಾರೆ ಎಂಬ ಬಡಾವಣೆಯ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಹೊರಗೆ ಮರದ ಬೆಂಚು ಹಾಕಿಸಿದರು. ಖಿನ್ನತೆಗೆ ಅಲ್ಲಿನ ಶೋನಾ ಭಾಷೆಯ ಮಾತು 'ಕುಫುಂಗಿಸಿಸಾ'. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. 'ಮನಸ್ಸಿಗೆ ಬಹಳ ಹಚ್ಚಿಕೊಂಡಿದ್ದಾಳೆ' ಎಂದು ಕನ್ನಡದಲ್ಲಿ ಹೇಳುವುದಕ್ಕೂ ಅದಕ್ಕೂ ದೂರವಿಲ್ಲ. ಅಜ್ಜಿಯರು ಆ ಮಾತನ್ನೇ ಬಳಸಿ ಕಷ್ಟ ಕೇಳಿ, ಅದರಲ್ಲಿ ಒಂದನ್ನು ಆರಿಸಿ ಬಿಡಿಸುವ ದಾರಿಯನ್ನು ಬಂದವರಿಂದಲೇ ಹೇಳಿಸುತ್ತಾರೆ. 573 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ಬಳಿಕ ಖಿನ್ನತೆಯ ಲಕ್ಷಣ ಉಳಿದಿದ್ದದ್ದು ಬೆಂಚಿಗೆ ಬಂದವರಲ್ಲಿ 100ಕ್ಕೆ 14 ಜನರಲ್ಲಿ, ಉಳಿದವರಲ್ಲಿ 50 ಜನರಲ್ಲಿ. ಚಿಬಾಂಡ ಮೊದಲಿಗೆ ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಎಂದು ಹೆಸರಿಟ್ಟಿದ್ದರು. ಆ ಹೆಸರು ಇರುವತನಕ ಜನ ಅದರ ಮೇಲೆ ಕೂರಲು ಹಿಂಜರಿದರು. ಸ್ನೇಹದ ಬೆಂಚು ಎಂದು ಕರೆಯಿರಿ ಎಂದು ಅಜ್ಜಿಯರು ಹೇಳಿದ ಮೇಲೆ ಬಂದು ಕೂರತೊಡಗಿದರು.